ಊರಿನ ಹೆಸರು ಬರೆದ ಗೋಡೆಗಳು

ನೆಲ್ಯಾಡಿಯಲ್ಲಿ ಶಾಲೆಗೆ ಹೋದ ನಮ್ಮ ಪ್ರಾಯದವರು ನಾಲ್ಕು ಜನ ಎಲ್ಲಿ ಸೇರಿದರೂ ಮಾತು ಗೋಡೆಗಳ ಕಡೆ ತಿರುಗದೆ ಇರುವುದಿಲ್ಲ. ಕಾಡುತ್ಪತ್ತಿ ಅಂಗಡಿಯ ಬದಿಗೋಡೆಯಲ್ಲಿ ‘ಅಡಿಕೆ, ಕಾಳುಮೆಣಸು, ಗೇರುಬೀಜ, ಕೊಕ್ಕೋ, ರಬ್ಬರ್ ಖರೀದಿಸಲಾಗುವುದು’ ಎಂದು ಬರೆದದ್ದು ಹಸಿರಿನಲ್ಲೋ ನೀಲಿಯಲ್ಲೋ, ಕ್ಷೌರದಂಗಡಿಯ ಬಾಗಿಲಿನ ಮೇಲೆ ನಗುತ್ತಿದ್ದ ನಾಯಕ ಯಾರು, ಗಲ್ಫಿನಿಂದ ಬಂದವರು ತೆರೆದ ಹೊಸ ಬಟ್ಟೆಯಂಗಡಿಯ ಹೆಸರಿನ ಪಕ್ಕ ಖರ್ಜೂರದ ಮರ ಇತ್ತೋ ಇಲ್ಲವೋ, ಇವೆಲ್ಲ ನಮಗೆ ಈಗಲೂ ಇತ್ಯರ್ಥವಾಗದ ವಿಷಯಗಳು. ಒಬ್ಬ ಹೇಳಿದ್ದನ್ನು ಇನ್ನೊಬ್ಬ ತಿದ್ದುತ್ತಾನೆ, ಮೂರನೆಯವಳು ಇಬ್ಬರನ್ನೂ ತಿದ್ದುತ್ತಾಳೆ. ತಿದ್ದುವಷ್ಟು ಪ್ರೀತಿಯಿಂದ ನಾವು ಆ ಪೇಟೆಯನ್ನು ಓದಿದ್ದೆವು.

ದೊಡ್ಡ ಪೇಟೆಯೇನೂ ಅಲ್ಲ. ಮಂಗಳೂರು–ಬೆಂಗಳೂರು ಹೆದ್ದಾರಿಯಲ್ಲಿ ಉಪ್ಪಿನಂಗಡಿ, ಗೋಳಿತೊಟ್ಟು ಕಳೆದ ಮೇಲೆ ಎರಡು ಬದಿಗೂ ಒಂದಷ್ಟು ಅಂಗಡಿ, ಹೋಟೆಲು. ಆಮೇಲೆ ಪೆರಿಯಶಾಂತಿ, ಉದನೆ, ಶಿರಾಡಿ, ಗುಂಡ್ಯ, ಘಾಟಿ. ಆಗ ಅದು ರಾಷ್ಟ್ರೀಯ ಹೆದ್ದಾರಿ 48, ಈಗ 75. ಅದೇ ಪೇಟೆಯ ಒಂದು ಭಾಗ ನೆಲ್ಯಾಡಿ ಗ್ರಾಮ, ಇನ್ನೊಂದು ಭಾಗ ಕೌಕ್ರಾಡಿ. ಮನೆಯಲ್ಲಿ ತುಳು ಆಡುವವರು, ಬ್ಯಾರಿ ಆಡುವವರು, ಕೊಂಕಣಿ ಆಡುವವರು, ರಬ್ಬರ್ ತೋಟ ಮಾಡಲಿಕ್ಕೆಂದು ಕೇರಳದಿಂದ ಬಂದು ಇಲ್ಲೇ ನೆಲೆಯೂರಿದ ಮಲಯಾಳಿ ಕ್ರೈಸ್ತರು, ಎಲ್ಲರೂ ಸಂತೆಗೆ ಬರುತ್ತಿದ್ದರು. ಅಂಗಡಿಯವ ತನ್ನ ಬೋರ್ಡು ಹೇಗಿರಬೇಕೆಂದು ತನ್ನ ಮನೆಮಾತಿನಲ್ಲಿ ವಿವರಿಸುತ್ತಿದ್ದ. ಬೋರ್ಡು ಬರೆಯುವ ಆರ್ಟಿಸ್ಟಣ್ಣ ಅದೇ ಭಾಷೆಯಲ್ಲಿ ಉತ್ತರ ಕೊಟ್ಟು, ಕನ್ನಡದ ದುಂಡು ಅಕ್ಷರದಲ್ಲಿ ಬರೆದು ಮುಗಿಸುತ್ತಿದ್ದರು.

ಆರ್ಟಿಸ್ಟಣ್ಣ ಎಂದೇ ನಾವು ಕರೆದದ್ದು. ಅವರ ಕೈ ನಮಗೆಲ್ಲ ಗುರುತಿತ್ತು. ‘ನ’ ಅಕ್ಷರದ ತಲೆಕಟ್ಟು ಸ್ವಲ್ಪ ಮೇಲಕ್ಕೆ ಎದ್ದು ನಿಲ್ಲುತ್ತಿತ್ತು. ‘ಡಿ’ಯ ಗುಡಿಸು ಒಂದು ಸುತ್ತು ಹೆಚ್ಚು. ಹಾಗಾಗಿ ‘ನೆಲ್ಯಾಡಿ’ ಎಂದು ಅವರು ಬರೆದರೆ ಹೆಸರು ತಲೆಯೆತ್ತಿ ಶುರುವಾಗಿ ತಿರುಗಿ ನೋಡಿ ಮುಗಿಯುತ್ತಿತ್ತು. ಸರ್ವಿಸ್ ಜೀಪಿನ ಹಣೆಯ ಮೇಲೆ, ಹಾಲಿನ ಸೊಸೈಟಿಯ ಗೋಡೆಯಲ್ಲಿ, ಮೊಸರುಕುಡಿಕೆಯ ಬಟ್ಟೆ ಬ್ಯಾನರಿನಲ್ಲಿ ಅದೇ ಹೆಸರು, ಅದೇ ಕೈ. ಕೊಕ್ಕಡ ದಾರಿಯಲ್ಲಿ ಎಲ್ಲೋ ಒಂದು ಕಟ್ಟೆಯ ಮೇಲೆ ಆ ‘ನ’ ಕಂಡರೆ ಸಾಕು, ನಮ್ಮೂರಿನವರನ್ನು ಕಂಡಷ್ಟು ಖುಷಿ.

ಅವರ ಕೆಲಸಕ್ಕೆ ಒಂದು ಋತುಮಾನ ಇತ್ತು. ಘಾಟಿಯ ಬುಡದ ಊರು, ಮಳೆ ಶುರುವಾದರೆ ನಾಲ್ಕು ತಿಂಗಳು ಗೋಡೆ ಒಣಗುವುದಿಲ್ಲ. ಮುರಕಲ್ಲಿನ ಮೇಲಿನ ಗಾರೆಗೆ ಹಸಿರು ಪಾಚಿ ಏರುತ್ತದೆ. ದೀಪಾವಳಿ ಕಳೆದ ಮೇಲೆ ಪಾಚಿ ಕೆರೆದು, ಸುಣ್ಣ ಎರಡು ಕೋಟು ಎಳೆದು, ಅದು ಎಳೆಬಿಸಿಲಿಗೆ ಬೆಳ್ಳಗಾದ ಮೇಲೆಯೇ ಬ್ರಷ್ಷು. ಉದ್ದದ ದಾರಕ್ಕೆ ನೀಲಿಪುಡಿ ಹಚ್ಚಿ, ಒಂದು ತುದಿಯನ್ನು ನಮ್ಮ ಕೈಗೆ ಕೊಟ್ಟು, ಇನ್ನೊಂದನ್ನು ತಾವು ಹಿಡಿದು ನಡುವಿನಲ್ಲಿ ಮೀಟುತ್ತಿದ್ದರು. ಗೋಡೆಯ ಮೇಲೆ ನೆಟ್ಟಗೆ ನೀಲಿ ಗೆರೆ. ಆ ದಾರದ ತುದಿ ಹಿಡಿಯಲಿಕ್ಕೆ ನಮ್ಮಲ್ಲಿ ಜಗಳವೇ ಆಗುತ್ತಿತ್ತು. ಇನಾಮೆಲ್ ಪೇಂಟು ದಪ್ಪವಾದರೆ ಟರ್ಪೆಂಟೈನು; ಅದು ಮುಗಿದರೆ ಸೀಮೆಎಣ್ಣೆ. ಆ ವಾಸನೆ ಈಗಲೂ ಎಲ್ಲಿಯಾದರೂ ಬಂದರೆ ನನಗೆ ಸಂಜೆ ನಾಲ್ಕರ ಬೆಲ್ಲಿನ ನೆನಪಾಗುತ್ತದೆ.

ಚುನಾವಣೆ ಬಂದರೆ ಅವರಿಗೆ ಎಲ್ಲ ಪಕ್ಷದವರೂ ನೆಂಟರು. ಒಂದೇ ರಾತ್ರಿಯಲ್ಲಿ ಒಂದೇ ರಸ್ತೆಯ ಈ ಬದಿ ಕೈ, ಆ ಬದಿ ಕಮಲ ಬರೆದು ಬೆಳಿಗ್ಗೆ ಎರಡೂ ಕಡೆಯಿಂದ ಚಹಾ ಕುಡಿದದ್ದನ್ನು ನಾವು ನೋಡಿದ್ದೇವೆ. ಟಿ.ಎನ್. ಶೇಷನ್ 1990ರಲ್ಲಿ ಮುಖ್ಯ ಚುನಾವಣಾ ಆಯುಕ್ತರಾಗಿ ಬಂದ ಮೇಲೆ ಗೋಡೆಬರಹಕ್ಕೆ ಬಿಗಿ ಬಂತು. ಊರು ಚೊಕ್ಕಟವಾಯಿತು, ಸರಿಯೇ. ಆರ್ಟಿಸ್ಟಣ್ಣನ ವರ್ಷದ ದೊಡ್ಡ ಸಂಪಾದನೆ ಒಂದು ಕಡಿಮೆಯಾಯಿತು.

ಆದರೆ ಹೇಳಬೇಕಾದದ್ದು ಶಾಲೆಯ ಗೋಡೆಯ ಬಗ್ಗೆ. ತೊಂಬತ್ತರ ದಶಕದ ಆರಂಭದಲ್ಲಿ ಸಂಪೂರ್ಣ ಸಾಕ್ಷರತಾ ಆಂದೋಲನ ಜಿಲ್ಲೆಗೆ ಬಂದಾಗ ಗೋಡೆಗಳೆಲ್ಲ ಅಕ್ಷರ ಕಲಿಯಿರಿ ಎಂದು ಕರೆಯುತ್ತಿದ್ದ ಕಾಲ. ಅದೇ ಹುರುಪಿನಲ್ಲಿ ನಮ್ಮ ಮಾಸ್ಟ್ರು ಒಬ್ಬರು ಹಂಚಿನ ಕಟ್ಟಡದ, ರಸ್ತೆಗೆ ಮುಖ ಮಾಡಿದ ಉದ್ದ ಗೋಡೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ನಕ್ಷೆ ಬರೆಸಲು ಹೊರಟರು. ಆಗ ಜಿಲ್ಲೆ ಒಂದೇ: ಕುಂದಾಪುರದಿಂದ ಸುಳ್ಯದವರೆಗೆ ಎಂಟು ತಾಲೂಕು. ಡ್ರಾಯಿಂಗ್ ಲೋವರ್ ಪರೀಕ್ಷೆ ಕಟ್ಟಿದ ನಮ್ಮನ್ನು ನಾಲ್ಕೈದು ಮಂದಿಯನ್ನು ಆರ್ಟಿಸ್ಟಣ್ಣನ ಕೈಕೆಳಗೆ ಬಿಟ್ಟರು. ಪುಸ್ತಕದ ಸಣ್ಣ ನಕ್ಷೆಗೆ ಚೌಕ ಎಳೆದು, ಗೋಡೆಗೆ ಅಷ್ಟೇ ಸಂಖ್ಯೆಯ ದೊಡ್ಡ ಚೌಕ ಎಳೆದು, ಒಂದೊಂದು ಚೌಕದ ಗೆರೆಯನ್ನು ಒಂದೊಂದಾಗಿ ಗೋಡೆಗೆ ಏರಿಸಿದೆವು. ಎಡಕ್ಕೆ ಉದ್ದಕ್ಕೂ ಅರಬ್ಬೀ ಸಮುದ್ರ, ಅದರಲ್ಲಿ ಒಂದು ದೋಣಿ. ಬಲಕ್ಕೆ ಘಟ್ಟದ ಸಾಲು. ನೇತ್ರಾವತಿ ಬೆಳ್ತಂಗಡಿಯ ಕಡೆಯಿಂದ ಇಳಿದು, ಕುಮಾರಧಾರೆ ಸುಬ್ರಹ್ಮಣ್ಯದ ಕಡೆಯಿಂದ ಬಂದು, ಉಪ್ಪಿನಂಗಡಿಯಲ್ಲಿ ಸೇರುವ ಜಾಗಕ್ಕೆ ಅವರು ಒಂದು ಗಂಟೆಯಷ್ಟು ಹೊತ್ತು ಬ್ರಷ್ಷು ಆಡಿಸಿದರು. ಎರಡು ನೀಲಿ ಬೇರೆ ಬೇರೆ ಕಾಣಬೇಕು, ಸೇರಿದ ಮೇಲೆ ಮೂರನೆಯ ನೀಲಿಯಾಗಬೇಕು ಎಂದು. 1979ರಲ್ಲಿ ಪೂರ್ತಿಯಾದ ಮಂಗಳೂರು–ಹಾಸನ ಮೀಟರ್ ಗೇಜ್ ಹಳಿಯನ್ನು ಕಬಕ ಪುತ್ತೂರು, ನೆಟ್ಟಣ ದಾಟಿಸಿ ಘಟ್ಟಕ್ಕೆ ಹತ್ತಿಸಿದ್ದು ನನ್ನ ಕೈ. ಅಡ್ಡಪಟ್ಟಿಗಳನ್ನು ಒಂದೊಂದಾಗಿ ಹಾಕಿದ್ದೇನೆ.

ಪುಸ್ತಕದ ನಕ್ಷೆಯಲ್ಲಿ ನೆಲ್ಯಾಡಿ ಇರಲಿಲ್ಲ. ಪುತ್ತೂರು ತಾಲೂಕು ಎಂದು ಬರೆದು ಉಪ್ಪಿನಂಗಡಿ, ಕಡಬ ಎಂದು ಎರಡು ಚುಕ್ಕಿ, ಅಷ್ಟೇ. ‘ನಮ್ಮೂರು ಎಲ್ಲಿ ಅಣ್ಣ?’ ಎಂದು ಕೇಳಿದ್ದಕ್ಕೆ ಆರ್ಟಿಸ್ಟಣ್ಣ ಕೆಂಪು ಡಬ್ಬಿ ತೆರೆದು, ಹೆದ್ದಾರಿಯ ಗೆರೆಯ ಮೇಲೆ ಹೆಬ್ಬೆರಳಿನಷ್ಟು ದೊಡ್ಡ ಚುಕ್ಕಿ ಇಟ್ಟು, ತಮ್ಮ ಆ ಎದ್ದು ನಿಲ್ಲುವ ‘ನ’ದಲ್ಲಿ ನೆಲ್ಯಾಡಿ ಎಂದು ಬರೆದರು. ಅಲ್ಲಿಗೆ ಮುಗಿಯಲಿಲ್ಲ. ಮಧ್ಯಾಹ್ನದ ಬೆಲ್ಲಿಗೆ ಹೊರಬಂದ ಮಕ್ಕಳೆಲ್ಲ ಗೋಡೆಗೆ ಮುತ್ತಿದರು. ಕೊಕ್ಕಡದವರಿಗೆ ಕೊಕ್ಕಡ ಬೇಕು, ಶಿರಾಡಿಯವರಿಗೆ ಶಿರಾಡಿ, ಗೋಳಿತೊಟ್ಟಿನವರಿಗೆ ಗೋಳಿತೊಟ್ಟು, ಉದನೆ, ಪೆರಿಯಶಾಂತಿ, ಕೌಕ್ರಾಡಿ. ‘ನಮ್ಮದು ಒಂದು ಹಾಕಿ ಮಾರಾಯ್ರೆ’ ಎಂದು ಅಂಗಲಾಚಿದ ಹುಡುಗಿ ಈಗ ತಾನೇ ಒಂದು ಶಾಲೆಯ ಹೆಡ್ ಟೀಚರ್. ಯಾರಿಗೂ ಅವರು ಇಲ್ಲ ಎನ್ನಲಿಲ್ಲ. ಸೌತಡ್ಕದ ಬಯಲು ಗಣಪತಿಗೆ ಒಂದು ಪುಟ್ಟ ಗಂಟೆ ಬರೆದರು. ಕೊನೆಗೆ ನಕ್ಷೆಯ ಬಲಬದಿಯ ಕೆಳಮೂಲೆಯಲ್ಲಿ ಇರುವೆ ಹೋಗಲಿಕ್ಕೆ ಜಾಗವಿಲ್ಲ, ಮೇಲೆ ಕುಂದಾಪುರ ತಾಲೂಕು ಬಯಲಿನ ಹಾಗೆ ಖಾಲಿ.

ಮೇಲಧಿಕಾರಿಯೊಬ್ಬರು ಬಂದಾಗ ಅಳತೆ ಸರಿಯಿಲ್ಲ ಎಂದರಂತೆ. ಅಳತೆಯ ಲೆಕ್ಕದಲ್ಲಿ ಅವರ ಮಾತು ಸರಿ. ಆದರೆ ನನ್ನ ಮಟ್ಟಿಗೆ ಆ ಜಿಲ್ಲೆಯ ಅತ್ಯಂತ ನಿಜವಾದ ನಕ್ಷೆ ಅದು. ಹತ್ತು ಹನ್ನೆರಡು ವರ್ಷದ ಮಕ್ಕಳು ತಾವು ನಡೆದು ಬರುವ ದಾರಿಯನ್ನು ಮಂಗಳೂರಿನಷ್ಟೇ ದೊಡ್ಡದೆಂದು ನಂಬಿದ್ದರು, ಒಬ್ಬ ದೊಡ್ಡ ಮನುಷ್ಯ ಅದನ್ನು ಹೌದೆಂದು ಗೋಡೆಯ ಮೇಲೆ ಬರೆದುಕೊಟ್ಟ.

ಆ ನಕ್ಷೆಯನ್ನು ಮಳೆಯಿಂದ ಕಾಯುವುದು ನಮ್ಮ ಕೆಲಸವಾಯಿತು. ಮೇ ಕೊನೆಗೆ ತೆಂಗಿನ ಮಡಲು ಹೆಣೆದು ತಟ್ಟಿ ಮಾಡಿ, ಮಣ್ಣಿನ ಮನೆಯ ಗೋಡೆಗೆ ಕಟ್ಟುವ ಹಾಗೆಯೇ ಗೋಡೆಯುದ್ದಕ್ಕೂ ಕಟ್ಟುತ್ತಿದ್ದೆವು. ಮನೆಯಿಂದ ಮಡಲು ಹೊತ್ತು ತಂದವರಿದ್ದರು. ನವರಾತ್ರಿಯ ಹೊತ್ತಿಗೆ ತಟ್ಟಿ ಬಿಚ್ಚಿದಾಗ ಸಮುದ್ರದ ಬುಡದಲ್ಲಿ ಸ್ವಲ್ಪ ಪಾಚಿ ಬಿಟ್ಟರೆ ಜಿಲ್ಲೆ ಹಾಗೇ ಇರುತ್ತಿತ್ತು.

ಶಾಲೆಯಿಂದ ಮಂಗಳೂರಿಗೆ ಟೂರು ಹೋದಾಗ ಅಲೋಶಿಯಸ್ ಚಾಪೆಲ್ ನೋಡಿದೆವು. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ ಎಂಬ ಜೆಸ್ವಿಟ್ ಬ್ರದರ್ 1899ರ ಹೊತ್ತಿಗೆ ಅದರ ಗೋಡೆ, ಚಾವಣಿಗಳನ್ನು ಚಿತ್ರದಿಂದ ತುಂಬಿಸಿದವರು. ಕುತ್ತಿಗೆ ನೋಯುವ ತನಕ ನೋಡಿದೆವು. ಹಿಂದಿರುಗಿ ಹೇಳಿದಾಗ ಆರ್ಟಿಸ್ಟಣ್ಣ ಕೇಳಿದ್ದು ಒಂದೇ ಪ್ರಶ್ನೆ: ‘ಅಷ್ಟು ಎತ್ತರಕ್ಕೆ ಅಟ್ಟ ಹೇಗೆ ಕಟ್ಟಿದ್ರಂತೆ?’

1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು. ಉಡುಪಿ, ಕಾರ್ಕಳ, ಕುಂದಾಪುರ ಅಳಿಸಿ ಎಂದರು ಶಾಲೆಯವರು. ನಾನಾಗ ಪುತ್ತೂರಿನಲ್ಲಿ ಕಾಲೇಜು. ರಜೆಯಲ್ಲಿ ಹೋದಾಗ ನೋಡಿದೆ. ಅಳಿಸಿರಲಿಲ್ಲ. ನಡುವೆ ಒಂದು ಕಪ್ಪು ಗೆರೆ ಎಳೆದು, ಮೇಲೆ ‘ಉಡುಪಿ ಜಿಲ್ಲೆ’ ಎಂದು ಬರೆದು, ಎರಡಕ್ಕೂ ಅದೇ ಹಳೆಯ ತಿಳಿಹಳದಿಯನ್ನೇ ಉಳಿಸಿದ್ದರು. ಸಮುದ್ರವಂತೂ ಒಂದೇ.

ಆಮೇಲೆ ಫ್ಲೆಕ್ಸ್ ಬಂತು. ಪುತ್ತೂರಿನಲ್ಲಿ ಬೆಳಿಗ್ಗೆ ಕೊಟ್ಟರೆ ಸಂಜೆಗೆ ಬಣ್ಣ ಬಣ್ಣದ ಬ್ಯಾನರು, ಫೋಟೋ ಸಮೇತ. ಮದುವೆ, ಜಾತ್ರೆ, ಯಕ್ಷಗಾನ, ಶ್ರದ್ಧಾಂಜಲಿ ಎಲ್ಲ ಅದರಲ್ಲೇ. ಎರಡು ಮೂರು ವರ್ಷದೊಳಗೆ ಘಾಟಿಯ ಬುಡದಿಂದ ಕಡಲಿನ ತನಕ ಕೈಬರಹದ ಬೋರ್ಡುಗಳು ಇಳಿದುಹೋದವು. ಆರ್ಟಿಸ್ಟಣ್ಣ ವಾಹನಗಳ ನಂಬರ್ ಪ್ಲೇಟು ಬರೆದರು, ಮದುವೆಯ ವೇದಿಕೆಗೆ ಥರ್ಮೋಕೋಲ್ ಅಕ್ಷರ ಕೊರೆದರು, ಕೊನೆಗೆ ಬೆಳಗಿನ ಜಾವ ರಬ್ಬರ್ ಟ್ಯಾಪಿಂಗಿಗೆ ಹೋಗಲು ಶುರುಮಾಡಿದರು. ಅವರ ಜೊತೆ ಕಲಿತವರಲ್ಲಿ ಕೆಲವರು ಗಲ್ಫಿಗೆ ಹೋದರು. ಅಷ್ಟು ಚಂದದ ಕೈಗಳು ಖಾಲಿಯಾದದ್ದಕ್ಕೆ ಊರಿನಲ್ಲಿ ಯಾರೂ ಒಂದು ಸಭೆ ಸೇರಲಿಲ್ಲ ಎಂಬ ಬೇಸರ ನನಗೆ ಈಗಲೂ ಇದೆ.

ನಮ್ಮ ಗುಂಪಿನ ಹೆಚ್ಚಿನವರು ಅಷ್ಟರಲ್ಲಿ ಬೆಂಗಳೂರು ಸೇರಿದ್ದೆವು. 2009ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಸ್ತೆಬದಿಯ ಗೋಡೆಗಳಿಗೆ ಚಿತ್ರ ಬರೆಸಲು ತೊಡಗಿತು. ಪೋಸ್ಟರ್ ಅಂಟಿಸುವುದನ್ನು, ಗೋಡೆಯ ಬುಡದಲ್ಲಿ ನಿಂತು ಗಲೀಜು ಮಾಡುವುದನ್ನು ತಪ್ಪಿಸುವುದು ಉದ್ದೇಶ. ಸಾರ್ವಜನಿಕ ಸ್ಥಳಗಳ ಅಂದಗೆಡಿಸುವುದನ್ನು ತಡೆಯುವ ಕಾನೂನು 1981ರಿಂದಲೇ ಇದ್ದರೂ ಗೋಡೆಗಳು ಕೇಳಿರಲಿಲ್ಲ. ಈ ಕೆಲಸಕ್ಕೆ ಕರೆದದ್ದು ಯಾರನ್ನು? ಕೆಂಪೇಗೌಡ ರಸ್ತೆಯ ಥಿಯೇಟರುಗಳಿಗೆ ಆಳೆತ್ತರ ಮೀರಿದ ಕಟೌಟು, ಬ್ಯಾನರು ಬರೆದು, ಫ್ಲೆಕ್ಸಿನಿಂದ ಕೆಲಸ ಕಳೆದುಕೊಂಡಿದ್ದ ಬೋರ್ಡ್ ಆರ್ಟಿಸ್ಟುಗಳನ್ನು. ಹಂಪಿಯ ಕಲ್ಲಿನ ರಥ, ಜೋಗ, ಮೈಸೂರು ಅರಮನೆ, ದಸರಾ ಆನೆ, ಹುಲಿ, ಕವಿಗಳ ಮುಖ ಗೋಡೆ ಗೋಡೆಗೂ ಬಂದವು.

ಊರಿನಿಂದ ಹೊರಟ ರಾತ್ರಿ ಬಸ್ಸು ನೆಲಮಂಗಲ, ಪೀಣ್ಯ ಕಳೆದು ಮೆಜೆಸ್ಟಿಕ್ಕಿನ ಕಡೆ ಹೊರಳುವಾಗ ಬೆಳಕು ಹರಿಯುತ್ತಿತ್ತು. ಅಂಥ ಒಂದು ಬೆಳಿಗ್ಗೆ ಕಾಂಪೌಂಡ್ ಗೋಡೆಯೊಂದರಲ್ಲಿ ಯಕ್ಷಗಾನದ ವೇಷ ಕಂಡಿತು. ಯಕ್ಷಗಾನ ಎಂದರೆ ಆ ಗೋಡೆಗಳಲ್ಲಿ ಸಾಮಾನ್ಯವಾಗಿ ಬಡಗಿನ ಮುಂಡಾಸು. ಇದು ನಮ್ಮ ತೆಂಕುತಿಟ್ಟಿನ ಬಣ್ಣದ ವೇಷ. ಮುಖದ ಮೇಲೆ ಅಕ್ಕಿಹಿಟ್ಟಿನ ಚುಟ್ಟಿಯನ್ನು ಒಂದೊಂದೇ ಮುಳ್ಳಾಗಿ ಇಟ್ಟಿದ್ದ ಸಾಲು. ಫೋಟೋ ನೋಡಿ ಬರೆದವರಿಗೆ ಅದು ಬರೀ ಬಿಳಿ ಅಂಚು. ಇಡೀ ರಾತ್ರಿ ಆಟ ನೋಡಿ, ಚೌಕಿಯಲ್ಲಿ ಕುಳಿತು ವೇಷಧಾರಿ ಮುಖಕ್ಕೆ ಚುಟ್ಟಿ ಇಡುವುದನ್ನು ಕಂಡವರಿಗೆ ಮಾತ್ರ ಮುಳ್ಳು ಮುಳ್ಳಾಗಿ ಕಾಣುತ್ತದೆ. ನಮ್ಮ ಕಡೆಯವರು ಯಾರೋ ಈ ಏಣಿ ಹತ್ತಿದ್ದಾರೆ ಎಂದು ನನಗೆ ಅನುಮಾನವೇ ಉಳಿಯಲಿಲ್ಲ. ಬಸ್ಸಿನಲ್ಲಿದ್ದ ಗೆಳೆಯನನ್ನು ಎಬ್ಬಿಸಿ ತೋರಿಸಿದೆ.

ಇದು ಕ್ಯಾಲೆಂಡರ್ ಕಲೆ ಎಂದು ಮೂಗು ಮುರಿದವರಿದ್ದರು. ಅವರ ಮಾತಿನಲ್ಲಿ ಹುರುಳು ಇರಲಿಲ್ಲ ಎನ್ನಲಾರೆ. ರಾಜ್ಯದ ಹೆಸರಾಂತ ಜಾಗಗಳೆಲ್ಲ ಬಂದವು. ಆ ಗೋಡೆ ನಿಂತ ಬೀದಿ ಮಾತ್ರ ಗೋಡೆಯ ಮೇಲೆ ಬರಲಿಲ್ಲ. ಶ್ರೀರಾಮಪುರದ ಗೋಡೆಯಲ್ಲಿ ಶ್ರೀರಾಮಪುರ, ಹಲಸೂರಿನ ಗೋಡೆಯಲ್ಲಿ ಹಲಸೂರು ಇದ್ದಿದ್ದರೆ ಅಲ್ಲಿನ ಮಕ್ಕಳೂ ಗೋಡೆಗೆ ಮುತ್ತುತ್ತಿದ್ದರು.

ಅದೇ 2009ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಅಂಥದೇ ಒಂದು ಕೆಲಸ ನಡೆದದ್ದು ನನಗೆ ಬಹಳ ವರ್ಷದ ಮೇಲೆ ತಿಳಿಯಿತು. ಗೋಡೆಗಳನ್ನು ಗೀಚಿ ಕೆಡಿಸುವುದನ್ನು ತಡೆಯಲು 1984ರಲ್ಲಿ ಆ ನಗರ ಶುರುಮಾಡಿದ್ದ ಕಾರ್ಯಕ್ರಮ ಬೆಳೆದು ದೊಡ್ಡ ಭಿತ್ತಿಚಿತ್ರ ಯೋಜನೆಯಾಗಿತ್ತು. ಅದರ ಆಶ್ರಯದಲ್ಲಿ ಸ್ಟೀವ್ ಪವರ್ಸ್ ಎಂಬ ಕಲಾವಿದ ತಾನು ಬೆಳೆದ ವೆಸ್ಟ್ ಫಿಲಡೆಲ್ಫಿಯಾದಲ್ಲಿ, ಎತ್ತರದ ಕಂಬಗಳ ಮೇಲೆ ಓಡುವ ರೈಲಿನಿಂದ ಕಾಣುವ ಗೋಡೆ, ಮಾಡುಗಳ ಮೇಲೆ 50 ಚಿತ್ರ ಬರೆದ. ಎಲ್ಲ ಸೇರಿ ಒಂದು ಪ್ರೇಮಪತ್ರ. ಹುಡುಗ ಹುಡುಗಿಗೆ ಬರೆದ ಹಾಗೆಯೂ ಇದೆ, ಒಬ್ಬ ತನ್ನ ಕೇರಿಗೆ ಬರೆದ ಹಾಗೆಯೂ ಇದೆ. ನನಗೆ ಮೆಚ್ಚಿಗೆಯಾದದ್ದು ಅದರ ಅಕ್ಷರ. ಅಂಗಡಿ ಬೋರ್ಡಿನ ದಪ್ಪ, ನಯವಾದ, ನೆರಳು ಕೊಟ್ಟ ಅಕ್ಷರ. ಪ್ರೀತಿ ಹೇಳಲಿಕ್ಕೆ ಆತ ಆರಿಸಿಕೊಂಡದ್ದು ಬೋರ್ಡ್ ಬರೆಯುವವನ ಕೈಯನ್ನೇ. ಆ ಫೋಟೋಗಳನ್ನು ನಮ್ಮ ಗುಂಪಿಗೆ ಕಳುಹಿಸಿದಾಗ ಬಂದ ಮೊದಲ ಉತ್ತರ: ‘ಇದನ್ನು ಆರ್ಟಿಸ್ಟಣ್ಣನಿಗೆ ತೋರಿಸ್ಬೇಕು.’

ಮಂಗಳೂರಿನಲ್ಲೂ ಗೋಡೆಗಳು ಬದಲಾದವು. ರಾಮಕೃಷ್ಣ ಮಿಷನ್ 2015ರಲ್ಲಿ ಆರಂಭಿಸಿದ ಸ್ವಚ್ಛ ಮಂಗಳೂರು ಅಭಿಯಾನದಲ್ಲಿ ಭಾನುವಾರದ ಬೆಳಿಗ್ಗೆ ಪೊರಕೆ ಹಿಡಿದು ಬಂದವರು ಪೋಸ್ಟರು ಕಿತ್ತು, ಗೋಡೆ ತೊಳೆದು, ಚಿತ್ರ ಬರೆಸಿದರು. ಮರುವರ್ಷ ರಾಜ್ಯದಲ್ಲಿ ಪ್ಲಾಸ್ಟಿಕ್ ನಿಷೇಧದ ಜೊತೆ ಫ್ಲೆಕ್ಸಿಗೂ ನಿಷೇಧ ಬಂತು. 2018ರಲ್ಲಿ ಹೈಕೋರ್ಟಿನ ಆದೇಶದಂತೆ ಬೆಂಗಳೂರಿನಲ್ಲಿ ಫ್ಲೆಕ್ಸುಗಳನ್ನು ಕಿತ್ತರು. ಆಗೆಲ್ಲ ನನಗೆ ಹಳೆಯ ಕೈಗಳಿಗೆ ಕೆಲಸ ಮರಳೀತೆಂಬ ಆಸೆ. ಹಳ್ಳಿಯ ಸರಕಾರಿ ಶಾಲೆಗಳ ಮಟ್ಟಿಗೆ ಅದು ಸ್ವಲ್ಪ ನಿಜವೂ ಆಯಿತು. ಹಳೆವಿದ್ಯಾರ್ಥಿಗಳು ಸೇರಿ ತರಗತಿಯನ್ನು ರೈಲಿನ ಬೋಗಿಯ ಹಾಗೆ ಬಣ್ಣ ಹಚ್ಚಿಸುವುದು, ಜಗಲಿಯ ಗೋಡೆಗೆ ಕಂಬಳ, ಯಕ್ಷಗಾನ ಬರೆಸುವುದು ಈಗ ನಮ್ಮ ಜಿಲ್ಲೆಯಲ್ಲಿ ಬಹಳ ಕಡೆ ಕಾಣಸಿಗುತ್ತದೆ. ರೈಲು ಚಂದವೇ. ಆ ಬೋಗಿಯ ಮೇಲೆ ಮಕ್ಕಳ ಊರಿನ ಹೆಸರನ್ನೂ ಬರೆದಿರುವ ಕಡೆ ನಾನು ಸ್ವಲ್ಪ ಹೊತ್ತು ಹೆಚ್ಚು ನಿಲ್ಲುತ್ತೇನೆ.

ನಮ್ಮ ನಕ್ಷೆಯ ಗೋಡೆ ಉಳಿಯಲಿಲ್ಲ. ಹಂಚಿನ ಕಟ್ಟಡ ಹಳತಾಗಿ ಇಳಿಸಿದರು, ಅಲ್ಲಿ ಆರ್‌ಸಿಸಿ ಬಂತು. ಬಿ.ಸಿ. ರೋಡಿನಿಂದ ಅಡ್ಡಹೊಳೆಯ ತನಕ ಹೆದ್ದಾರಿ ಚತುಷ್ಪಥವಾಗಲು ಹೊರಟ ಮೇಲೆ ಪೇಟೆಯ ರಸ್ತೆಬದಿಯ ಹಳೆಯ ಗೋಡೆಗಳೂ ಹೋದವು. ಕಾಡುತ್ಪತ್ತಿಯದ್ದು ಹಸಿರೋ ನೀಲಿಯೋ ಎಂದು ಹೋಗಿ ನೋಡಿ ಬರುವ ದಾರಿ ಮುಚ್ಚಿತು. ಉಳಿದಿರುವುದು ಒಂದು ಫೋಟೋ, ಏಳನೆಯವರ ಬೀಳ್ಕೊಡುಗೆಯ ದಿನದ್ದು. ನಕ್ಷೆಯ ಎದುರು ಮೂರು ಸಾಲಾಗಿ ನಿಂತಿದ್ದೇವೆ. ನಮ್ಮ ತಲೆಗಳು ಪುತ್ತೂರು, ಸುಳ್ಯ ತಾಲೂಕುಗಳನ್ನು ಹೆಚ್ಚುಕಡಿಮೆ ಪೂರ್ತಿ ಮುಚ್ಚಿವೆ. ಕುಂದಾಪುರ ಸ್ಪಷ್ಟವಾಗಿ ಕಾಣುತ್ತದೆ. ಎರಡನೆಯ ಸಾಲಿನ ಇಬ್ಬರ ಕಿವಿಗಳ ನಡುವೆ, ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿದರೆ, ಕೆಂಪಿನ ಒಂದು ಚೂರು. ಅದು ನೆಲ್ಯಾಡಿಯ ಚುಕ್ಕಿ ಎಂದು ನಮಗೆಲ್ಲ ಗೊತ್ತು.

ಈ ಫೋಟೋ ಗುಂಪಿಗೆ ಬಂದ ಮೇಲೆಯೇ ಹೊಸ ಗೋಡೆಯ ಮಾತು ಎದ್ದದ್ದು. ಹೊಸ ಕಟ್ಟಡದ ಅಂಗಳದ ಕಡೆಯ ಗೋಡೆ ಖಾಲಿ ಇದೆ, ಶಾಲೆಯವರು ಒಪ್ಪಿದ್ದಾರೆ, ಬಣ್ಣದ ಖರ್ಚು ಹಳೆವಿದ್ಯಾರ್ಥಿಗಳದ್ದು. ಆರ್ಟಿಸ್ಟಣ್ಣನಿಗೆ ಎಪ್ಪತ್ತು ದಾಟಿದೆ. ಮೆಟ್ಟಿಲೇಣಿ ಬೇರೆಯವರು ಹತ್ತುವುದಾದರೆ ಗೆರೆ ತಾವೇ ಹಾಕಿಕೊಡುವುದಾಗಿ ಹೇಳಿದ್ದಾರೆ. ಅವರ ಸಲಹೆ, ಇಡೀ ಜಿಲ್ಲೆ ಬೇಡ. ‘ಈಗ ನಮ್ಮದೇ ತಾಲೂಕು ಉಂಟಲ್ಲ. ಕಡಬ ಮಾತ್ರ ಹಾಕುವ. ಸ್ಕೇಲು ದೊಡ್ಡದಾಗ್ತದೆ, ಎಲ್ಲರ ಊರಿಗೂ ಜಾಗ ಸಿಗ್ತದೆ.’ ಮಾತು ಸರಿಯಾಗಿತ್ತು. ಸುಬ್ರಹ್ಮಣ್ಯವೂ ಸುಳ್ಯದಿಂದ ಈಚೆಗೆ ಬಂದಿರುವುದರಿಂದ ಕುಮಾರಧಾರೆಯನ್ನು ಚೆನ್ನಾಗಿ ಎಳೆಯಬಹುದು. ದುಬಾಯಿಯಲ್ಲಿರುವವನು ಉದನೆಯ ಹೊಳೆಗೆ ಒಂದು ಚೌಕ ಪೂರ್ತಿ ಬಿಡಬೇಕೆಂದು ಈಗಲೇ ಹೇಳಿಟ್ಟಿದ್ದಾನೆ. ಕೌಕ್ರಾಡಿಯವಳಿಗೆ ಈ ಸಲ ಕೌಕ್ರಾಡಿಯ ಅಕ್ಷರ ನೆಲ್ಯಾಡಿಯಷ್ಟೇ ದಪ್ಪ ಇರಬೇಕು. ತಕರಾರು ಬಂದದ್ದು ಕೊಕ್ಕಡದವರಿಂದ. ಕೊಕ್ಕಡ ಬೆಳ್ತಂಗಡಿ ತಾಲೂಕು; ಕಡಬ ಮಾತ್ರ ಬರೆದರೆ ಕೊಕ್ಕಡವೂ ಇಲ್ಲ, ಸೌತಡ್ಕದ ಗಂಟೆಯೂ ಇಲ್ಲ. ನಾವೇನು ಬೇರೆ ಶಾಲೆಗೆ ಹೋದದ್ದಾ ಎಂದು ಮೂರು ದಿನ ಗುಂಪಿನಲ್ಲಿ ಅದೇ ಚರ್ಚೆ. ಗಡಿ ದಾಟಿ ಅಷ್ಟು ತುಂಡನ್ನು ಸೇರಿಸಿಕೊಳ್ಳುವುದೆಂದು ಈಗ ಹೆಚ್ಚುಕಡಿಮೆ ಒಪ್ಪಿಗೆಯಾಗಿದೆ. ಸುಣ್ಣ ಹೊಡೆಯುವುದು ದೀಪಾವಳಿ ಕಳೆದ ಮೇಲೆ. ಆರ್ಟಿಸ್ಟಣ್ಣ ಗೋಡೆಯ ಅಳತೆ ಕೇಳಿದ್ದಾರೆ. ಹೆಡ್ ಟೀಚರ್ ಆಗಿರುವ ನಮ್ಮ ಗೆಳತಿ ಬರುವ ಶನಿವಾರ ಟೇಪು ಹಿಡಿದು ಹೋಗುತ್ತಾಳೆ.